ಮೊದಲು ಯುಗ ದಾಟಿದವನು ಯಾಕೆ ಸೋತ? ಏಜ್ ಆಫ್ ಎಂಪೈರ್ಸ್ 2 ಕಲಿಯುವವರಿಗೆ

ಕಳೆದ ಜೂನಿನಲ್ಲಿ ಶಿರಸಿಯಿಂದ ಅಕ್ಕನ ಮಗ ಕಾರವಾರಕ್ಕೆ, ನಮ್ಮ ಮನೆಗೆ ಬಂದಿದ್ದ. ಹೊರಗೆ ಬಿಡದ ಮಳೆ. ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ದಡ ಸೇರಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅಲ್ವಾ, ಇಡೀ ಊರೇ ಸ್ವಲ್ಪ ಸುಮ್ಮನಿರುವ ಕಾಲ ಅದು. ಹುಡುಗ ಲ್ಯಾಪ್‌ಟಾಪ್ ತೆರೆದು ಏಜ್ ಆಫ್ ಎಂಪೈರ್ಸ್ 2 ಹಾಕಿದ. ಊರು ಕಟ್ಟಿ, ಪಡೆ ಬೆಳೆಸಿ, ಎದುರಾಳಿಯ ಊರನ್ನು ಕೆಡವುವ ಕಂಪ್ಯೂಟರ್ ಆಟ ಅದು. ಅರ್ಧ ಗಂಟೆ ಆಗುವಷ್ಟರಲ್ಲಿ ಪರದೆಯ ಮೇಲೆ ಅವನ ಊರಿಗೆ ಊರೇ ಉರಿಯುತ್ತಿತ್ತು.

"ಮಾವಾ, ಕ್ಯಾಸಲ್ ಏಜಿಗೆ ಮೊದಲು ಹೋದವ ನಾನೇ. ಅವ ಇನ್ನೂ ಫ್ಯೂಡಲ್ಲಿನಲ್ಲೇ ಇದ್ದ. ಆದ್ರೂ ನಾನು ಸೋತಿದ್ದು ಹೇಗೆ?"

ಕಣ್ಣಲ್ಲಿ ನೀರಿತ್ತು. ಪ್ರಶ್ನೆ ಮಾತ್ರ ಸರಿಯಾಗಿತ್ತು. ಆಟದ ನಾಲ್ಕು ಯುಗಗಳಲ್ಲಿ ಫ್ಯೂಡಲ್ ಎರಡನೆಯದು, ಕ್ಯಾಸಲ್ ಮೂರನೆಯದು. ಈ ಆಟ ಕಲಿಯುವ ಹೆಚ್ಚಿನವರು ಎಡವುವುದು ಇಲ್ಲೇ. ನಾನು ಅವನ ಆಟವನ್ನು ಮತ್ತೆ ಹಾಕಿ ನೋಡಿದೆ. ಅವನು ಕ್ಯಾಸಲ್ ಏಜಿನ ಗುಂಡಿ ಒತ್ತಿದಾಗ ಅವನ ಕೈಯಲ್ಲಿ ಇದ್ದ ಸೈನಿಕರು: ಸೊನ್ನೆ. ಅದೇ ಹೊತ್ತಿಗೆ ಎದುರಾಳಿಯ ಹನ್ನೆರಡು ಬಿಲ್ಲುಗಾರರು ಅವನ ಮರ ಕಡಿಯುವವರ ಹತ್ತಿರ ಬಂದು ನಿಂತಿದ್ದರು.

ಆ ಮಳೆಗಾಲದಲ್ಲಿ ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಆಟದಲ್ಲಿ ಯುಗ ಅನ್ನೋದು ಗೆದ್ದವರಿಗೆ ಸಿಗುವ ಬಹುಮಾನ ಅಲ್ಲ. ಅದು ನೀವು ಆಟದೊಳಗಿನ ಆಹಾರ, ಚಿನ್ನ ಕೊಟ್ಟು ಕೊಳ್ಳುವ ಸಾಮಾನು. ಕೊಳ್ಳುವ ಆ ಎರಡು ಮೂರು ನಿಮಿಷ ನಿಮ್ಮ ಕೈ ಖಾಲಿ ಇರುತ್ತದೆ. ಹಾಗಾಗಿ ಗುಂಡಿ ಒತ್ತುವ ಮೊದಲು ಎರಡು ವಿಷಯ ಗೊತ್ತಿರಬೇಕು. ಆ ಖಾಲಿ ಹೊತ್ತನ್ನು ಹೇಗೆ ದಾಟುತ್ತೀರಿ? ಆಚೆ ಹೋದ ಮೇಲೆ ಮೊದಲ ಕೆಲಸ ಏನು?

ಶುರು ಮಾಡುವ ಮೊದಲು

ಆಟ ಮೊದಲು ಬಂದದ್ದು 1999ರಲ್ಲಿ. ಈಗ ಎಲ್ಲರೂ ಆಡುವುದು 2019ರ ನವೆಂಬರಿನಲ್ಲಿ ಬಂದ ಡೆಫಿನಿಟಿವ್ ಎಡಿಷನ್. ನಾಲ್ಕು ಯುಗಗಳು: ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್. ಯುರೋಪಿನ ಲೆಕ್ಕದಲ್ಲಿ ರೋಮ್ ಬಿದ್ದ ಕಾಲದಿಂದ ತೋಪು ಬಂದೂಕುಗಳ ಕಾಲದವರೆಗೆ. ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಬನವಾಸಿಯ ಕದಂಬರಿಂದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯವರೆಗೆ. ಹೀಗೆ ಅಂದುಕೊಂಡರೆ ನನಗಂತೂ ಯುಗಗಳು ಬೇಗ ನೆನಪಿನಲ್ಲಿ ಉಳಿಯುತ್ತವೆ.

ಹೊಸಬರು ಕಂಪ್ಯೂಟರ್ ಎದುರಾಳಿಯನ್ನು 'ಮಾಡರೇಟ್' ಮಟ್ಟಕ್ಕೆ ಇಟ್ಟುಕೊಳ್ಳಿ. ನಕ್ಷೆ 'ಅರೇಬಿಯಾ' ಇರಲಿ. ಅದು ಬಯಲು, ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ, ತಪ್ಪು ಬೇಗ ಗೊತ್ತಾಗುತ್ತದೆ. ಸುತ್ತ ಕಲ್ಲಿನ ಗೋಡೆ ಇರುವ 'ಅರೀನಾ' ನೆಮ್ಮದಿ ಅನಿಸುತ್ತದೆ, ಆದರೆ ಅದರಲ್ಲಿ ಕಲಿತವರು ಬಯಲಿಗೆ ಬಂದಾಗ ಕಂಗಾಲಾಗುತ್ತಾರೆ.

ಆಟದ ನಾಗರಿಕತೆಗಳಲ್ಲಿ ಅಳಿಯ ಆರಿಸಿಕೊಂಡದ್ದು ದ್ರಾವಿಡಿಯನ್ಸ್. 2022ರ ಏಪ್ರಿಲಿನಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ವಿಸ್ತರಣೆಯಲ್ಲಿ ಮೊದಲಿದ್ದ ಒಂದೇ 'ಇಂಡಿಯನ್ಸ್' ಗುಂಪನ್ನು ಒಡೆದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಅಂತ ನಾಲ್ಕು ಮಾಡಿದರು. ಕಲಿಯುವವರಿಗೆ ದ್ರಾವಿಡರು ಒಳ್ಳೆಯ ಆಯ್ಕೆ. ಪ್ರತಿ ಹೊಸ ಯುಗಕ್ಕೆ ಕಾಲಿಟ್ಟ ಕೂಡಲೇ 200 ಮರ ಉಚಿತವಾಗಿ ಸಿಗುತ್ತದೆ. ಮೀನುಗಾರರು, ಮೀನುದೋಣಿಗಳು ಒಂದು ಸಲಕ್ಕೆ ಜಾಸ್ತಿ ಮೀನು ಹೊರುತ್ತವೆ. ಕರಾವಳಿಯವರಿಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ಕೊರತೆ ಇದೆ: ನೈಟ್ ಅನ್ನುವ ಬಲವಾದ ಕುದುರೆ ಸವಾರ ಅವರಿಗಿಲ್ಲ. ಇದು ನೆನಪಿರಲಿ, ಮುಂದೆ ಬರುತ್ತದೆ.

ಡಾರ್ಕ್ ಏಜ್: ಟೌನ್ ಸೆಂಟರ್ ನಿಲ್ಲಬಾರದು

ಕೈಯಲ್ಲಿ ಮೂರು ಜನ ವಿಲೇಜರ್ (ಊರಿನ ಕೆಲಸಗಾರರು), ಒಬ್ಬ ಸ್ಕೌಟ್ (ಸುತ್ತ ನೋಡಿ ಬರುವ ಸವಾರ), 200 ಆಹಾರ, 200 ಮರ, 100 ಚಿನ್ನ, 200 ಕಲ್ಲು. ಒಬ್ಬ ವಿಲೇಜರ್‌ಗೆ 50 ಆಹಾರ. ಅಂದರೆ ನಾಲ್ಕು ಜನರಿಗೆ ಆಗುವಷ್ಟಿದೆ. ಆಟ ಶುರುವಾದ ತಕ್ಷಣ ಎಚ್ ಕೀಲಿ ಒತ್ತಿ ವಿಲೇಜರ್‌ಗಳು ಹುಟ್ಟುವ ಮುಖ್ಯ ಕಟ್ಟಡ ಟೌನ್ ಸೆಂಟರ್ ಆರಿಸಿ, ನಾಲ್ಕು ಜನರನ್ನು ಸಾಲಿಗೆ ಹಾಕಿಬಿಡಿ.

ಟೌನ್ ಸೆಂಟರಿನಲ್ಲಿ ಜಾಗ ಇರುವುದು ಐದು ಜನರಿಗೆ ಮಾತ್ರ. ನೀವು ಆಗಲೇ ನಾಲ್ಕು. ಹಾಗಾಗಿ ಇಬ್ಬರನ್ನು ಕೂಡಲೇ ಮನೆ ಕಟ್ಟಲು ಕಳಿಸಿ. ಒಂದು ಮನೆಗೆ 25 ಮರ, ಐದು ಜನರಿಗೆ ಜಾಗ. ಇದೊಂದನ್ನು ಮರೆತು ಎಷ್ಟೋ ಜನ ಮೊದಲ ನಿಮಿಷದಲ್ಲೇ ಹಿಂದೆ ಬೀಳುತ್ತಾರೆ.

ಮೊದಲ ಆರು ಜನ ಕುರಿಗೆ. ಕುರಿಯನ್ನು ಟೌನ್ ಸೆಂಟರಿನ ಗೋಡೆಗೆ ತಾಗಿಸಿ ನಿಲ್ಲಿಸಿ ಕಡಿಸಿ, ನಡೆಯುವ ಹೊತ್ತು ಉಳಿಯುತ್ತದೆ. ಮುಂದಿನ ನಾಲ್ಕು ಜನ ಮರಕ್ಕೆ. ಆಮೇಲೆ ಒಬ್ಬ ಕಾಡುಹಂದಿ ತರಲು. ನಂತರದ ನಾಲ್ಕು ಜನ ಬೆರ್ರಿ ಗಿಡಗಳಿಗೆ, ಪಕ್ಕದಲ್ಲೇ ಆಹಾರ ತಂದು ಹಾಕುವ ಮಿಲ್. ಉಳಿದ ಐದರಲ್ಲಿ ಮೂವರು ಮತ್ತೆ ಮರಕ್ಕೆ, ಇಬ್ಬರು ಮಾಂಸಕ್ಕೆ. ಹೀಗೆ 20 ವಿಲೇಜರ್, ಒಬ್ಬ ಸ್ಕೌಟ್, ಒಟ್ಟು 21.

ಹಂದಿ ತರುವುದಕ್ಕೆ ಎಲ್ಲರೂ ಹೆದರುತ್ತಾರೆ. ಹೆದರಬೇಕಿಲ್ಲ, ಆದರೆ ಆ ಅರ್ಧ ನಿಮಿಷ ಕಣ್ಣು ಬೇರೆ ಕಡೆ ಹೋಗಬಾರದು. ಒಂದು ಹಂದಿಯಲ್ಲಿ 340 ಆಹಾರ ಇದೆ, ಮೂರು ಕುರಿಗಿಂತ ಜಾಸ್ತಿ. ಒಬ್ಬನನ್ನು ಕಳಿಸಿ ಹೊಡೆಸಿ. ಹಂದಿ ತಿರುಗಿ ಬಿದ್ದ ಕೂಡಲೇ ಅವನನ್ನು ಟೌನ್ ಸೆಂಟರಿನತ್ತ ಓಡಿಸಿ. ಅದು ಹಿಂದೆಯೇ ಬರುತ್ತದೆ. ಬಾಗಿಲ ಹತ್ತಿರ ಬಂದಾಗ ಓಡಿ ಬಂದವನನ್ನು ಒಳಗೆ ಸೇರಿಸಿ, ಕುರಿ ಕಡಿಯುತ್ತಿದ್ದ ಆರೂ ಜನರನ್ನು ಹಂದಿಯ ಮೇಲೆ ಬಿಡಿ. ಅಳಿಯ ಮೊದಲ ಸಲ ಮಾಡಿದಾಗ ಓಡಿ ಬಂದವನನ್ನು ಒಳಗೆ ಸೇರಿಸಲು ಮರೆತ, ಒಬ್ಬ ಸತ್ತ. ಎರಡನೇ ಸಲ ಸರಿಯಾಯಿತು. ನಾಲ್ಕನೇ ಸಲಕ್ಕೆ ಅವನು ಹಂದಿ ತರುತ್ತಾ ಅದೇ ಹೊತ್ತಿಗೆ ಮನೆಯನ್ನೂ ಕಟ್ಟಿಸುತ್ತಿದ್ದ.

ಈಗ ಒಂದು ಲೆಕ್ಕ. ಒಬ್ಬ ವಿಲೇಜರ್ ಹುಟ್ಟಲು 25 ಸೆಕೆಂಡ್. 17 ಜನ ಹೊಸಬರು ಅಂದರೆ 425 ಸೆಕೆಂಡ್. ವಿಲೇಜರ್‌ಗಳ ಜೀವಬಲ ಹೆಚ್ಚಿಸುವ 'ಲೂಮ್'ಗೆ ಇನ್ನು 25. ಒಟ್ಟು 450, ಅಂದರೆ ಏಳೂವರೆ ನಿಮಿಷ. ಫ್ಯೂಡಲ್ ಏಜಿಗೆ ಹೋಗಲು 130 ಸೆಕೆಂಡ್. ಕೂಡಿದರೆ 9 ನಿಮಿಷ 40 ಸೆಕೆಂಡ್. ಟೌನ್ ಸೆಂಟರ್ ಒಂದು ಕ್ಷಣವೂ ಸುಮ್ನೆ ನಿಲ್ಲದಿದ್ದರೆ 21 ಜನರ ಹಾದಿಯಲ್ಲಿ ನೀವು ಫ್ಯೂಡಲ್ ತಲುಪುವ ಹೊತ್ತು ಇದು. ನೀವು 12 ನಿಮಿಷಕ್ಕೆ ತಲುಪಿದರೆ ಟೌನ್ ಸೆಂಟರ್ ಎರಡು ನಿಮಿಷಕ್ಕಿಂತ ಜಾಸ್ತಿ ಸುಮ್ಮನೆ ನಿಂತಿತ್ತು ಎಂದೇ ಅರ್ಥ. ಎಲ್ಲಿ ನಿಂತಿತು ಅಂತ ಹುಡುಕಿ. ಹೆಚ್ಚಾಗಿ ಮನೆ ಇರಲಿಲ್ಲ, ಇಲ್ಲವಾದರೆ ಆಹಾರ ಇರಲಿಲ್ಲ.

ಗುಂಡಿ ಒತ್ತುವ ಮೊದಲು

ಫ್ಯೂಡಲ್ ಏಜಿಗೆ 500 ಆಹಾರ ಬೇಕು, ಜೊತೆಗೆ ಡಾರ್ಕ್ ಏಜಿನ ಎರಡು ಕಟ್ಟಡ ಇರಬೇಕು. ಮಿಲ್ ಮತ್ತು ಮರ ತಂದು ಹಾಕುವ ಲಂಬರ್ ಕ್ಯಾಂಪ್ ಆದರೆ ಸಾಕು. ಮನೆ, ಬೇಲಿ, ಹೊಲ ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಸಲ್ ಏಜಿಗೆ 800 ಆಹಾರ, 200 ಚಿನ್ನ, ಫ್ಯೂಡಲ್ಲಿನ ಎರಡು ಕಟ್ಟಡ; 160 ಸೆಕೆಂಡ್. ಇಂಪೀರಿಯಲ್ಲಿಗೆ 1000 ಆಹಾರ, 800 ಚಿನ್ನ, 190 ಸೆಕೆಂಡ್. ಇದಕ್ಕೆ ಕ್ಯಾಸಲ್ ಏಜಿನ ಎರಡು ಕಟ್ಟಡ ಬೇಕು, ಅಥವಾ ಒಂದು ಕೋಟೆ ಇದ್ದರೆ ಅದೊಂದೇ ಸಾಕು.

ಇದು ಕಣ್ಣಿಗೆ ಕಾಣುವ ಬೆಲೆ. ಕಾಣದ ಬೆಲೆಯೊಂದಿದೆ. ಯುಗ ಏರುತ್ತಿರುವಾಗ ಆ ಟೌನ್ ಸೆಂಟರಿನಲ್ಲಿ ವಿಲೇಜರ್ ಹುಟ್ಟುವುದಿಲ್ಲ. 130 ಸೆಕೆಂಡ್ ಅಂದರೆ ಐದು ಜನ. 160 ಅಂದರೆ ಆರು ಜನ. 190 ಅಂದರೆ ಏಳು ಜನ. ಇವರೆಲ್ಲ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ಇಂಪೀರಿಯಲ್ಲಿನ 800 ಚಿನ್ನವನ್ನೇ ನೋಡಿ. ಒಬ್ಬ ನೈಟ್‌ಗೆ 60 ಆಹಾರ, 75 ಚಿನ್ನ. ಹತ್ತು ನೈಟ್‌ಗಳ ಚಿನ್ನ 750. ನೀವು ಆ ಗುಂಡಿ ಒತ್ತಿದ ಕ್ಷಣಕ್ಕೆ ಎದುರಾಳಿ ಅದೇ ಚಿನ್ನದಲ್ಲಿ ಹತ್ತು ಕುದುರೆ ತಂದು ನಿಮ್ಮ ಹೊಲದಲ್ಲಿ ಬಿಡಬಹುದು. ನಿಮ್ಮ ಹೊಸ ಯುಗ ಬರಲು ಇನ್ನೂ ಮೂರು ನಿಮಿಷ ಇದೆ.

ಅಳಿಯನಿಗೆ ಆದದ್ದು ಇದೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಮನೆಗಳೆಲ್ಲ ಉರಿದ ಮೇಲೆ ಅವನಿಗೆ ಕ್ಯಾಸಲ್ ಏಜ್ ಬಂತು.

ಹಾಗಾಗಿ ಗುಂಡಿ ಒತ್ತುವ ಮೊದಲು ನಾನು ಅವನಿಗೆ ಮೂರು ಪ್ರಶ್ನೆ ಕೇಳುತ್ತಿದ್ದೆ. ಜೋರಾಗಿ ಉತ್ತರ ಹೇಳಬೇಕು. ಈಗ ಎದುರಾಳಿ ಬಂದರೆ ತಡೆಯುವವರು ಯಾರು? ಹೊಸ ಯುಗ ಬಂದ ಕೂಡಲೇ ಕಟ್ಟುವ ಮೊದಲ ಕಟ್ಟಡ ಯಾವುದು? ಅದಕ್ಕೆ ಬೇಕಾದ ಮರವೋ ಕಲ್ಲೋ ಈಗಿನಿಂದಲೇ ಕೂಡುತ್ತಿದೆಯಾ? ಮೂರಕ್ಕೂ ಉತ್ತರ ಇದ್ದರೆ ಒತ್ತು. ಒಂದಕ್ಕೆ ಇಲ್ಲದಿದ್ದರೆ ಇನ್ನೂ ನಾಲ್ಕು ವಿಲೇಜರ್ ಮಾಡು.

ದ್ರಾವಿಡರ 200 ಮರ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿಲ್ಲುಗಾರರ ತಾಣ ಆರ್ಚರಿ ರೇಂಜಿಗೆ 175 ಮರ (ಕಾಲಾಳುಗಳ ತಾಣ ಬ್ಯಾರಕ್ಸ್ ಮೊದಲೇ ಕಟ್ಟಿರಬೇಕು). ಫ್ಯೂಡಲ್ ಬಂದ ಕ್ಷಣಕ್ಕೆ ಬರುವ 200ರಲ್ಲಿ ಅದು ಮುಗಿದು 25 ಉಳಿಯುತ್ತದೆ, ಅಂದರೆ ಇನ್ನೊಂದು ಮನೆ. ಎರಡನೇ ಪ್ರಶ್ನೆಯ ಉತ್ತರ ತಾನಾಗಿಯೇ ಸಿಕ್ಕ ಹಾಗಾಯಿತು.

ಫ್ಯೂಡಲ್ ಏಜ್: ತುರುಗೋಳಿನ ಕಾಲ

ಶಿರಸಿ, ಬನವಾಸಿ ಸುತ್ತಮುತ್ತ ವೀರಗಲ್ಲು ನೋಡಿದ್ದೀರಲ್ಲ. ಹೆಚ್ಚಿನವು ಮೂರು ಪಟ್ಟಿಯವು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಅಳಿಯನನ್ನು ಒಮ್ಮೆ ಕರೆದುಕೊಂಡು ಹೋಗಿ ಕೆಳಗಿನ ಪಟ್ಟಿಯ ಹತ್ತಿರ ಕೂರಿಸಿದ್ದೆ. ಮಳೆಗೆ ಪಾಚಿ ಹಿಡಿದಿತ್ತು, ಬೆರಳಲ್ಲಿ ಸವರಿದರೆ ಬಿಲ್ಲು ಹಿಡಿದ ಕೈ, ಅದರ ಎದುರು ಇನ್ನೊಬ್ಬನ ಗುರಾಣಿ ತಿಳಿಯುತ್ತಿತ್ತು. ಇಂಥ ಎಷ್ಟೋ ಕಲ್ಲುಗಳು ತುರುಗೋಳಿನಲ್ಲಿ ಸತ್ತವರವು. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಮಡಿದವರು. ಅಲ್ಲಿ ಯಾರೂ ಯಾರ ಕೋಟೆಯನ್ನೂ ಕೆಡವುತ್ತಿರಲಿಲ್ಲ. ಊರಿನ ಬದುಕಿಗೆ ಕೈ ಹಾಕುವುದು, ಅದನ್ನು ಉಳಿಸಿಕೊಳ್ಳುವುದು, ಇಷ್ಟೇ.

ಫ್ಯೂಡಲ್ ಏಜಿನ ಯುದ್ಧವೂ ಇದೇ. ನಿಮ್ಮ ಹತ್ತು ಬಿಲ್ಲುಗಾರರಿಂದ ಎದುರಾಳಿಯ ಟೌನ್ ಸೆಂಟರ್ ಬೀಳುವುದಿಲ್ಲ, ಪ್ರಯತ್ನವನ್ನೂ ಮಾಡಬೇಡಿ. ಅವನ ಮರ ಕಡಿಯುವವರನ್ನು, ಚಿನ್ನ ಅಗೆಯುವವರನ್ನು ಓಡಿಸಿ. ಓಡಿದವನು ಕೆಲಸ ಮಾಡುವುದಿಲ್ಲ. ಕೊಲ್ಲದಿದ್ದರೂ ಲಾಭ ನಿಮ್ಮದೇ.

ಯಾರಿಗೆ ಯಾರು ಎದುರು ಅನ್ನುವುದು ಇಲ್ಲಿಂದ ಶುರು. ಈಟಿಯವನು ಕುದುರೆಯನ್ನು ಹೊಡೆಯುತ್ತಾನೆ. ಬಿಲ್ಲುಗಾರ ಈಟಿಯವನನ್ನು ಹೊಡೆಯುತ್ತಾನೆ. ಸ್ಕರ್ಮಿಷರ್, ಅಂದರೆ ಸಣ್ಣ ಭರ್ಜಿ ಎಸೆಯುವವನು, ಬಿಲ್ಲುಗಾರನಿಗೆ ಯಮ. ಆ ಸ್ಕರ್ಮಿಷರನ್ನು ಕುದುರೆ ತುಳಿಯುತ್ತದೆ. ಈಟಿಗೆ 35 ಆಹಾರ, 25 ಮರ. ಸ್ಕರ್ಮಿಷರ್‌ಗೆ 25 ಆಹಾರ, 35 ಮರ. ಎರಡಕ್ಕೂ ಚಿನ್ನ ಬೇಡ. ಬಿಲ್ಲುಗಾರನಿಗೆ 25 ಮರ, 45 ಚಿನ್ನ. ಚಿನ್ನ ಒಮ್ಮೆ ಮುಗಿದರೆ ಮುಗಿಯಿತು, ಮರ ಆಟದ ಕೊನೆಯವರೆಗೂ ಸಿಗುತ್ತದೆ. ಹಾಗಾಗಿ ತಡೆಯುವ ಕೆಲಸವನ್ನು ಚಿನ್ನ ಬೇಡದವರಿಗೆ ಬಿಡಿ. ಚಿನ್ನ ತಿನ್ನುವವರು ಗೆಲ್ಲುವ ಕೆಲಸಕ್ಕೆ ಇರಲಿ.

ಸ್ಕೌಟ್ ಇದ್ದಾನಲ್ಲ, ಅವನನ್ನು ಎದುರಾಳಿಯ ಊರಿನ ಸುತ್ತ ಒಂದು ಸುತ್ತು ಹಾಕಿಸಿ. ಕುದುರೆ ಲಾಯ ಕಂಡರೆ ಈಟಿ. ಆರ್ಚರಿ ರೇಂಜ್ ಕಂಡರೆ ಸ್ಕರ್ಮಿಷರ್. ನೋಡದೆ ಪಡೆ ಕಟ್ಟಬೇಡಿ.

ಇನ್ನೊಂದು ಮಾತನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ಈ ಆಟದಲ್ಲಿ ಹಳೆಯ ಪಡೆ ಹಳತಾಗಿಯೇ ಉಳಿಯಬೇಕಿಲ್ಲ. ಕ್ಯಾಸಲ್ ಏಜಿನಲ್ಲಿ ಕ್ರಾಸ್‌ಬೋ ಸಂಶೋಧನೆ ಮುಗಿದ ಕ್ಷಣಕ್ಕೆ ನಕ್ಷೆಯ ಯಾವ ಮೂಲೆಯಲ್ಲಿದ್ದರೂ ನಿಮ್ಮ ಎಲ್ಲ ಬಿಲ್ಲುಗಾರರ ಕೈಯಲ್ಲಿ ಹೊಸ ಆಯುಧ ಇರುತ್ತದೆ. ಫ್ಯೂಡಲ್ಲಿನಲ್ಲಿ ಉಳಿಸಿಕೊಂಡ ಹನ್ನೆರಡು ಜನ ಕ್ಯಾಸಲ್ಲಿನ ಹನ್ನೆರಡು ಕ್ರಾಸ್‌ಬೋ ಆದರು. ಸೋಲುವ ಜಗಳದಲ್ಲಿ ಅವರನ್ನು ಸಾಯಿಸಬೇಡಿ, ಹಿಂದೆ ಕರೆಸಿಕೊಳ್ಳಿ. ಈಗ ಅಳಿಯನ ಆಟಕ್ಕೆ ವಾಪಸ್ ಬನ್ನಿ. ಎದುರಾಳಿ ತಡವಾಗಿ ಯುಗ ಏರಿದರೂ ಅವನ ಹನ್ನೆರಡು ಬಿಲ್ಲುಗಾರರು ಅವನ ಜೊತೆಗೇ ಏರಿದರು. ಅಳಿಯ ಮೊದಲು ಏರಿದ, ಏರಿದ್ದು ಒಬ್ಬನೇ.

ಕ್ಯಾಸಲ್ ಏಜ್: ತೋಟ ನೆಡುವುದೋ, ಕತ್ತಿ ಹಿಡಿಯುವುದೋ

ಇಲ್ಲಿ ದಾರಿ ಎರಡಾಗುತ್ತದೆ. ಎರಡನೇ, ಮೂರನೇ ಟೌನ್ ಸೆಂಟರ್ ಕಟ್ಟಿ ಜನ ಹೆಚ್ಚಿಸುವುದು ಒಂದು. ಒಂದಕ್ಕೆ 275 ಮರ, 100 ಕಲ್ಲು. ಇದ್ದ ಒಂದರಲ್ಲೇ ನಿಂತು ಪಡೆ ಕಟ್ಟಿ ಮೇಲೆ ಬೀಳುವುದು ಇನ್ನೊಂದು.

ಟೌನ್ ಸೆಂಟರ್ ಕಟ್ಟುವುದು ಅಡಿಕೆ ಸಸಿ ನೆಟ್ಟ ಹಾಗೆ. ನೆಟ್ಟ ವರ್ಷವೇ ಕೊನೆ ಬಿಡುವುದಿಲ್ಲ. ಮೊದಲು ಬರೀ ಖರ್ಚು. ಕಾಯುವಷ್ಟು ಹೊತ್ತು ಎದುರಾಳಿ ಕೊಡುತ್ತಾನಾ ಅನ್ನುವುದೇ ಪ್ರಶ್ನೆ. ಅವನ ಪಡೆ ನಿಮ್ಮ ಬಾಗಿಲಲ್ಲಿ ಇಲ್ಲ ಅಂದರೆ ನೆಡಿ. ಇದೆ ಅಂದರೆ ಮೊದಲು ಅದನ್ನು ಓಡಿಸಿ. ನನ್ನ ಅನುಭವದಲ್ಲಿ ಮಾಡರೇಟ್ ಎದುರಾಳಿಯ ವಿರುದ್ಧ ಮೂರು ಟೌನ್ ಸೆಂಟರ್, ಊರ ಸುತ್ತ ಎಂಟು ಹತ್ತು ಈಟಿ, ಈ ಹಾದಿ ಹೆಚ್ಚಾಗಿ ಗೆಲ್ಲುತ್ತದೆ. ಮನುಷ್ಯರ ಜೊತೆ ಆಡುವಾಗ ಅಷ್ಟು ಧಾರಾಳವಾಗಿ ಕಾಯಲು ಆಗುವುದಿಲ್ಲ.

ಎದುರಾಳಿ ನೈಟ್ ತರುವುದೂ ಈ ಯುಗದಲ್ಲೇ. "ಮಾವಾ, ಕುದುರೆ ಬಂತು!" ಅಂತ ಅಳಿಯ ಕೂಗುತ್ತಿದ್ದ. ದ್ರಾವಿಡರಿಗೆ ನೈಟ್ ಇಲ್ಲ, ಕುದುರೆಗೆ ಕುದುರೆ ಬಿಡಲು ಆಗದು. ಈಟಿಯವರನ್ನು ಅವರ ಮುಂದಿನ ಮಟ್ಟವಾದ ಪೈಕ್‌ಮ್ಯಾನ್ ಮಾಡಿ. ಬ್ಯಾರಕ್ಸಿನ ಸಂಶೋಧನೆಗಳು ದ್ರಾವಿಡರಿಗೆ ಅರ್ಧ ಬೆಲೆಗೆ ಸಿಗುತ್ತವೆ, ಅದನ್ನು ಬಳಸಿಕೊಳ್ಳಿ.

ಕೋಟೆ ಎಲ್ಲಿ ಕಟ್ಟಬೇಕು? 650 ಕಲ್ಲಿನ ಖರ್ಚು, ತಪ್ಪಾದರೆ ತುಂಬಾ ನೋವು. ಹೊಸಬರೆಲ್ಲ ಊರ ನಡುವೆ ಕಟ್ಟುತ್ತಾರೆ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಹೋದವರು ಒಮ್ಮೆ ಯೋಚಿಸಿ ನೋಡಿ, ಅದು ಅಲ್ಲೇ ಯಾಕಿದೆ? ಅಘನಾಶಿನಿಯ ಪಕ್ಕದಲ್ಲಿ. ಘಟ್ಟದ ಮೇಲಿನ ಕಾಳುಮೆಣಸು ಇಳಿದು ಹಡಗು ಸೇರುವ ದಾರಿಯಲ್ಲಿ. ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಕಾಳುಮೆಣಸಿನ ರಾಣಿ ಎಂದು. ಆ ಕೋಟೆ ಕಾಯುತ್ತಿದ್ದದ್ದು ಸಂಪತ್ತಿನ ದಾರಿಯನ್ನು. ಚಿರೆಕಲ್ಲಿನ ಎರಡು ಸುತ್ತು ಗೋಡೆ, ಹೊರಗೆ ಕಂದಕ. ಮಳೆಗಾಲದಲ್ಲಿ ಹೋದರೆ ಗೋಡೆಯ ಮೇಲೆ ಹುಲ್ಲು ಎದ್ದು ಇಡೀ ಕೋಟೆ ಹಸಿರಾಗಿರುತ್ತದೆ. ನಾವಿಬ್ಬರೂ ಬುರುಜಿನ ಮೇಲೆ ನಿಂತಿದ್ದೆವು. ಹುಡುಗ ಸುತ್ತ ನೋಡಿ, "ಚಿನ್ನದ ಗಣಿ ಪಕ್ಕ ಕಟ್ಟಬೇಕು ಅಲ್ವಾ ಮಾವಾ" ಅಂದ. ನಾನು ಹೇಳಬೇಕಾದ್ದೇ ಉಳಿಯಲಿಲ್ಲ.

ನಿಮ್ಮ ಮುಖ್ಯ ಚಿನ್ನ ಮತ್ತು ಎದುರಾಳಿ ಬರುವ ದಾರಿ, ಎರಡೂ ಕೋಟೆಯ ಬಾಣಕ್ಕೆ ಸಿಗುವ ಜಾಗ ಹುಡುಕಿ. ಸ್ವಲ್ಪ ಎತ್ತರ ಇದ್ದರೆ ಇನ್ನೂ ಒಳ್ಳೆಯದು, ಎತ್ತರದಿಂದ ಹೊಡೆದರೆ ಪೆಟ್ಟು ಜಾಸ್ತಿ.

ನೀರಿನ ನಕ್ಷೆ ಬಂದರೆ

ಬೇಗ ಹೇಳಿ ಮುಗಿಸುತ್ತೇನೆ. 150 ಮರಕ್ಕೆ ದೋಣಿ ಕಟ್ಟುವ ಡಾಕ್, 75 ಮರಕ್ಕೆ ಒಂದು ಮೀನುದೋಣಿ. ದಡದ ಮೀನು ಬಿಟ್ಟು ಆಳದ ಮೀನಿಗೆ ಮೊದಲು ಹೋಗಿ, ಅಲ್ಲಿ ಬೇಗ ತುಂಬುತ್ತದೆ. ಫ್ಯೂಡಲ್ ಬಂದ ಕೂಡಲೇ ಯುದ್ಧದ ದೋಣಿ ಮಾಡಿ. ನೀರಿನ ಮೇಲೆ ಮೊದಲು ಹಿಡಿತ ಸಾಧಿಸಿದವನನ್ನು ಆಮೇಲೆ ಅಲುಗಿಸುವುದು ಬಹಳ ಕಷ್ಟ. ಗ್ಯಾಲಿ ದೂರದಿಂದ ಬಾಣ ಬಿಡುತ್ತದೆ, ಬೆಂಕಿ ದೋಣಿ ಹತ್ತಿರ ಬಂದು ಸುಡುತ್ತದೆ. ಗ್ಯಾಲಿ ಇದ್ದವರು ಹಿಂದೆ ಸರಿಯುತ್ತಾ ಹೊಡೆಯಬೇಕು. ಬೆಂಕಿ ದೋಣಿ ಇದ್ದವರು ಬಾಣ ತಿಂದರೂ ನಿಲ್ಲದೆ ನುಗ್ಗಬೇಕು.

ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಪಲ್ ಹಡಗನ್ನು ಮಕ್ಕಳಿಗೆ ತೋರಿಸಿ. ಕ್ಷಿಪಣಿ ಹಡಗು ಅಂದರೆ ದೊಡ್ಡದಿರುತ್ತದೆ ಅಂದುಕೊಂಡು ಬಂದವರು ಅದರ ಗಾತ್ರ ಕಂಡು ಆಶ್ಚರ್ಯ ಪಡುತ್ತಾರೆ. ಚಿಕ್ಕದು, ಚುರುಕು, ಹೊಡೆತ ಮಾತ್ರ ಬಹಳ ದೂರ.

ಇಂಪೀರಿಯಲ್ ಏಜ್: ಮದ್ದು ಬಂದ ಮೇಲೆ

ಅಷ್ಟು ಹೊತ್ತು ಕಾಪಾಡಿದ ಗೋಡೆ ಈ ಯುಗದಲ್ಲಿ ನಂಬಿಕೆಗೆ ಸಾಲದು. ಕೋಟೆಯಲ್ಲಿ ಟ್ರೆಬುಶೆ ಕಟ್ಟಬಹುದು: 200 ಮರ, 200 ಚಿನ್ನ. ಇದು ಕಲ್ಲೆಸೆಯುವ ದೊಡ್ಡ ಯಂತ್ರ. ಕೋಟೆಯ ಬಾಣ 8 ಚೌಕ ದೂರ ಹೋದರೆ ಇದರ ಕಲ್ಲು 16 ಚೌಕ ಹೋಗುತ್ತದೆ. ಎದುರಾಳಿಯ ಕೋಟೆ ಇದನ್ನು ಮುಟ್ಟಲೂ ಆಗದು. ಆದರೆ ಬಿಚ್ಚಿ ನಿಲ್ಲಿಸಲು ಹೊತ್ತು ಬೇಕು, ಕುದುರೆ ಬಂದರೆ ಸುಲಭಕ್ಕೆ ಸಿಗುವ ಬೇಟೆ. ಟ್ರೆಬುಶೆಯನ್ನು ಒಂಟಿಯಾಗಿ ಕಳಿಸುವುದೇ ಬೇಡ. ಮುಂದೆ ಪೈಕ್, ಹಿಂದೆ ಕ್ರಾಸ್‌ಬೋ, ಜೊತೆಗೆ ಇಬ್ಬರು ವಿಲೇಜರ್ ರಿಪೇರಿಗೆ.

ಯೂನಿವರ್ಸಿಟಿಯಲ್ಲಿ 'ಕೆಮಿಸ್ಟ್ರಿ' ಸಂಶೋಧನೆ ಮಾಡಿದರೆ ಮದ್ದುಗುಂಡಿನ ಬಾಗಿಲು ತೆರೆಯುತ್ತದೆ: ಕೈಬಂದೂಕಿನವರು, ತೋಪು, ತೋಪಿನ ಹಡಗು. ಎಲ್ಲ ನಾಗರಿಕತೆಗೂ ಎಲ್ಲವೂ ಸಿಗುವುದಿಲ್ಲ, ಆಟದೊಳಗಿನ ಟೆಕ್ ಟ್ರೀ ಪುಟ ನೋಡಿಕೊಳ್ಳಿ. ಆಟಕ್ಕೆ ಆಗಾಗ ತಿದ್ದುಪಡಿ ಬರುತ್ತದೆ, ಬೆಲೆಗಳೂ ಅಲ್ಲೇ ಸರಿಯಾಗಿ ಇರುತ್ತವೆ.

ಬಂದೂಕನ್ನು ಹೇಗೆ ಬಳಸಬೇಕು ಅಂತ ಕೇಳಿದರೆ ನಾನು 1520ರ ರಾಯಚೂರಿನ ಕಥೆ ಹೇಳುತ್ತೇನೆ. ಕೃಷ್ಣದೇವರಾಯನ ಪಡೆ ಆದಿಲ್ ಶಾಹಿಗಳ ಕೈಯಲ್ಲಿದ್ದ ಕೋಟೆಗೆ ಮುತ್ತಿಗೆ ಹಾಕಿತ್ತು. ಸೈನಿಕರು ಹಾರೆ ಹಿಡಿದು ಗೋಡೆಯ ಬುಡಕ್ಕೆ ಹೋಗಿ ಕಲ್ಲು ಕೀಳುತ್ತಿದ್ದರು, ಮೇಲಿನವರು ಅವರನ್ನು ಹೊಡೆಯುತ್ತಿದ್ದರು. ಕ್ರಿಸ್ಟೋವಾವ್ ಡಿ ಫಿಗೈರೆಡೊ ಎಂಬ ಪೋರ್ಚುಗೀಸ್ ತನ್ನ ಬಂದೂಕಿನವರ ಜೊತೆ ಬಂದ. ಅವರು ಗೋಡೆಗೆ ಹೊಡೆಯಲಿಲ್ಲ. ಗೋಡೆಯ ಮೇಲೆ ತಲೆ ಎತ್ತಿದವರಿಗೆ ಹೊಡೆದರು. ಮೇಲೆ ಯಾರೂ ನಿಲ್ಲಲಾಗದೆ ಕೆಳಗಿನವರ ಕೆಲಸ ಸಲೀಸಾಯಿತು. ಆಟದಲ್ಲೂ ಇದೇ ಜೋಡಿ. ಕಟ್ಟಡ ಒಡೆಯಲು ಬೇರೆಯವರು, ದ್ರಾವಿಡರಿಗಾದರೆ ಆರ್ಮರ್ಡ್ ಎಲಿಫೆಂಟ್. ಬಂದೂಕು ಆ ಆನೆಯನ್ನು ಹೊಡೆಯಲು ಬರುವ ಕಾಲಾಳುಗಳಿಗೆ. ಹಳೆಯ ಆಯುಧದ ಕೆಲಸವನ್ನು ಹೊಸದು ಹಗುರ ಮಾಡಬೇಕು. ಬರೀ ಬಂದೂಕಿನವರನ್ನೇ ಕಟ್ಟಿದರೆ ಸ್ಕರ್ಮಿಷರ್‌ಗಳು ದೂರದಿಂದಲೇ ಕೆಡವುತ್ತಾರೆ.

ನಮ್ಮ ಕಡಲಿಗೆ ಹತ್ತಿರದ ಒಂದು ಕಥೆ ಆಟದೊಳಗೇ ಇದೆ. ಆಫ್ರಿಕನ್ ಕಿಂಗ್‌ಡಮ್ಸ್ ವಿಸ್ತರಣೆಯಲ್ಲಿ ಫ್ರಾನ್ಸಿಸ್ಕೊ ಡಿ ಅಲ್ಮೇಡ ಹೆಸರಿನ ಕ್ಯಾಂಪೇನ್, ಪೋರ್ಚುಗೀಸರದ್ದು. ಈ ಅಲ್ಮೇಡ 1505ರಲ್ಲಿ ಅಂಜದೀವ್ ದ್ವೀಪಕ್ಕೆ ಬಂದು ಕೋಟೆ ಕಟ್ಟಿಸಿದ, ಅದೇ ವರ್ಷ ಹೊನ್ನಾವರದ ಮೇಲೆ ಬಿದ್ದು ಅಲ್ಲಿನ ಹಡಗುಗಳನ್ನು ಸುಟ್ಟ. ಈಗ ಆ ಅಂಜದೀವ್ ನೌಕಾಪಡೆಯ ಕದಂಬ ನೆಲೆಯ ಒಳಗಿದೆ, ಅಲೆತಡೆ ಗೋಡೆಯಿಂದ ನೆಲಕ್ಕೆ ಸೇರಿಕೊಂಡಿದೆ. ಆ ಕ್ಯಾಂಪೇನನ್ನು ಆಡಿ, ಆದರೆ ಒಮ್ಮೆ ಹೊನ್ನಾವರದ ಕಡೆಯಿಂದಲೂ ಯೋಚಿಸಿ. ಹಡಗಿನ ಮೇಲಿನ ತೋಪು ದಡದ ಬಾಣಕ್ಕೆ ಸಿಗದಷ್ಟು ದೂರ ನಿಂತು ಹೊಡೆದರೆ ದಡದವರು ಏನು ಮಾಡಬೇಕು? ಆಟದಲ್ಲಿ ಇದಕ್ಕೆ ಉತ್ತರ ಇದೆ: ಹಡಗನ್ನು ದಡದಿಂದ ಹೊಡೆಯಲು ಹೋಗಬೇಡಿ. ತೋಪಿನ ಹಡಗಿಗೆ ಹತ್ತಿರದ ಗುರಿ ಹೊಡೆಯಲು ಬರುವುದಿಲ್ಲ, ಗುಂಡು ನಿಧಾನ. ಚಿಕ್ಕ ಬೆಂಕಿ ದೋಣಿಗಳನ್ನು ಎರಡು ಕಡೆಯಿಂದ ನುಗ್ಗಿಸಿ. ದ್ರಾವಿಡರಿಗೆ ತಿರಿಸಡೈ ಎಂಬ ದೊಡ್ಡ ಯುದ್ಧನೌಕೆ ಇಂಪೀರಿಯಲ್ಲಿನಲ್ಲಿ ಸಿಗುತ್ತದೆ, ಚಿನ್ನ ಇದ್ದರೆ ಅದೂ ಜೊತೆಗಿರಲಿ.

ಆಟ ಮುಗಿದ ಮೇಲೆ ಐದು ನಿಮಿಷ

ಸೋಲಲಿ, ಗೆಲ್ಲಲಿ, ಅಂಕಿಗಳ ಪರದೆಯನ್ನು ಮುಚ್ಚಬೇಡಿ. ಟೆಕ್ನಾಲಜಿ ವಿಭಾಗದಲ್ಲಿ ನೀವು ಮತ್ತು ಎದುರಾಳಿ ಯಾವ ಯುಗಕ್ಕೆ ಎಷ್ಟು ಹೊತ್ತಿಗೆ ಹೋದಿರಿ ಎಂದು ಇರುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಮೂರೂ ಸಮಯ ಬರೆದುಕೊಳ್ಳಿ. ಆಮೇಲೆ ರೆಕಾರ್ಡಿಂಗ್ ಹಾಕಿ, ಪ್ರತಿ ಸಲ ಯುಗದ ಗುಂಡಿ ಒತ್ತಿದ ಕ್ಷಣದಲ್ಲಿ ನಿಲ್ಲಿಸಿ. ಆಗ ಕೈಯಲ್ಲಿ ಎಷ್ಟು ಸೈನಿಕರಿದ್ದರು, ಎಷ್ಟು ವಿಲೇಜರ್ ಇದ್ದರು ಎಂದು ಪಕ್ಕದಲ್ಲಿ ಬರೆಯಿರಿ. ಹತ್ತು ಆಟದ ನಂತರ ಆ ಪುಟ ನೋಡಿದರೆ ನೀವು ಎಲ್ಲಿ ಎಡವುತ್ತೀರಿ ಅಂತ ಯಾರೂ ಹೇಳಬೇಕಿಲ್ಲ.

ಅಳಿಯ ಶಿರಸಿಗೆ ವಾಪಸ್ ಹೋಗುವಾಗ ನೋಟ್‌ಬುಕ್ ನಮ್ಮ ಮನೆಯಲ್ಲೇ ಮರೆತು ಹೋದ. ಕೊನೆಯ ಸಾಲಿನಲ್ಲಿ ಅವನದೇ ಅಕ್ಷರ: "ಕ್ಯಾಸಲ್ 18.20. ಎದುರಾಳಿ 17.05. ಕೈಯಲ್ಲಿ 10 ಬಿಲ್ಲು, 6 ಈಟಿ. ಗೆದ್ದೆ."